ಆರು ಕಾಲಿನ ಜೇಡ

ಶಾಲಾ ಪಠ್ಯಪುಸ್ತಕ ತಯಾರಿಸುವ ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಗೆರೆ ಮೇಡಂ ಎಂದೇ ಕರೆಯುತ್ತಿದ್ದರು. ಕಪ್ಪೆಯ ಹೊಟ್ಟೆಯೊಳಗೆ ಏನಿದೆ, ಕಾಳು ಹೇಗೆ ಮೊಳೆಯುತ್ತದೆ, ಕಿವಿಯ ತಮಟೆ ಎಲ್ಲಿದೆ, ನೀರು ಹೇಗೆ ಮೋಡವಾಗುತ್ತದೆ, ಇಂಥವನ್ನೆಲ್ಲ ಮಕ್ಕಳಿಗೆ ಅರ್ಥವಾಗುವ ಹಾಗೆ ಚಿತ್ರ ಬರೆಯುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರು. ಅವರ ಗೆರೆ ನೂಲು ಹಿಡಿದು ಎಳೆದಂತಿರುತ್ತಿತ್ತು. ಎಲ್ಲೂ ದಪ್ಪವಲ್ಲ, ಎಲ್ಲೂ ತೆಳುವಲ್ಲ. ಹೆಸರು ಬಂದದ್ದು ಅದರಿಂದ.

ನಾನು ಅದೇ ಕಚೇರಿಯಲ್ಲಿ ಕರಡು ತಿದ್ದುವವನು. ನನ್ನ ಮೇಜಿಗೂ ಅವರ ಮೇಜಿಗೂ ನಡುವೆ ಒಂದು ಕಬ್ಬಿಣದ ಬೀರು ಮಾತ್ರ. ಹಾಗಾಗಿ ಅವರು ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಚಹಾ ತರುವವನಿಗೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುವ ಹೆಂಗಸು, ಒಂದು ತೊಟ್ಟು ಶಾಯಿ ಆಚೀಚೆ ಬಿದ್ದರೆ ಸಾಕು, ತಮ್ಮನ್ನೇ ಏಕವಚನದಲ್ಲಿ ಬೈದುಕೊಳ್ಳುತ್ತಿದ್ದರು. “ಕತ್ತೆ, ಕಣ್ಣಿಲ್ವಾ ನಿಂಗೆ? ಎಷ್ಟು ಸಲ ಹೇಳ್ಬೇಕು?” ಮೊದಮೊದಲು ಯಾರಿಗೋ ಬೈಯುತ್ತಿದ್ದಾರೆಂದು ಬೀರುವಿನ ಪಕ್ಕದಿಂದ ಇಣುಕುತ್ತಿದ್ದೆ. ಅಲ್ಲಿ ಇನ್ಯಾರೂ ಇರುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು.

ಆ ವರ್ಷ ಆರನೇ ತರಗತಿಯ ವಿಜ್ಞಾನ ಪುಸ್ತಕವನ್ನು ಹೊಸದಾಗಿ ಮಾಡಬೇಕೆಂದು ಆಜ್ಞೆ ಬಂತು. ಎರಡು ತಿಂಗಳು, ಇನ್ನೂರು ಚಿತ್ರ. ಗೆರೆ ಮೇಡಂ ತಲೆ ಎತ್ತಲಿಲ್ಲ. ಪುಸ್ತಕ ಅಚ್ಚಾಯಿತು, ಕಟ್ಟುಕಟ್ಟಾಗಿ ಶಾಲೆಗಳಿಗೆ ಹೋಯಿತು. ಶಾಲೆ ಶುರುವಾಗಿ ಮೂರನೇ ವಾರ ಒಂದು ಪತ್ರಿಕೆಯ ಒಳಪುಟದಲ್ಲಿ ನಮ್ಮ ಪುಸ್ತಕದ ನಲವತ್ತೆಂಟನೇ ಪುಟದ ಫೋಟೋ ಬಂತು. ಮೇಲೆ ದಪ್ಪಕ್ಷರದ ಪಾಠ: ‘ಜೇಡಕ್ಕೆ ಎಂಟು ಕಾಲುಗಳಿರುತ್ತವೆ.’ ಕೆಳಗೆ ದೊಡ್ಡದಾಗಿ, ಚೆಂದವಾಗಿ ಬರೆದ ಜೇಡ. ಅದಕ್ಕೆ ಆರೇ ಕಾಲು.

ಆ ಪುಟವನ್ನು ವಿಷಯ ತಜ್ಞರು ನೋಡಿದ್ದರು, ಸಂಪಾದಕರು ನೋಡಿದ್ದರು, ಕೊನೆಗೆ ‘ಸರಿಯಿದೆ’ ಎಂದು ಸಹಿ ಹಾಕಿದವನು ನಾನು. ಅಕ್ಷರ ನೋಡುವ ಕಣ್ಣಿಗೆ ಕಾಲು ಕಾಣಲಿಲ್ಲ. ಇಷ್ಟೆಲ್ಲ ಆಗಿಯೂ ನನಗೆ ಅವತ್ತು ಊಟ ಸೇರಿತು, ನಿದ್ದೆ ಬಂತು. ಅಷ್ಟೇ ಅಲ್ಲ, ಮಾರನೇ ದಿನ ಎಲ್ಲರ ಎದುರಿಗೆ, “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಪುಟ ಚಿಕ್ಕದು, ಪಾಪ ಜೇಡ ಆರೇ ಚಾಚಿದೆ,” ಎಂದು ಜೋಕು ಹೊಡೆದೆ. ಎಲ್ಲರೂ ನಕ್ಕರು. ಗೆರೆ ಮೇಡಂ ನಗಲಿಲ್ಲ. ಬೀರುವಿನ ಆಚೆಯಿಂದ ಬೈಗುಳವೂ ಕೇಳಲಿಲ್ಲ. ನನಗೆ ಮೊದಲ ಸಲ ಹೆದರಿಕೆಯಾದದ್ದು ಆಗ.

ಇಲಾಖೆ ಸಣ್ಣ ಚೀಟಿಯ ಮೇಲೆ ಎಂಟು ಕಾಲಿನ ಜೇಡವನ್ನು ಅಚ್ಚು ಹಾಕಿಸಿ, ಹಳೆಯದರ ಮೇಲೆ ಅಂಟಿಸಿ ಎಂದು ಶಾಲೆಗಳಿಗೆ ಕಳಿಸಿತು. ಸಂಪಾದಕರು ಅವರನ್ನು ಕರೆದು, “ಮೂರು ಜನ ನೋಡಿದೀವಿ, ಮೂವರಿಗೂ ಕಂಡಿಲ್ಲ. ಆಗಿದ್ದಾಯ್ತು, ಬಿಡಿ,” ಎಂದರು. ಅವರು ಬಿಡಲಿಲ್ಲ. ವಾರ ಕಳೆಯುವುದರೊಳಗೆ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟು, ಪೆನ್ನುಗಳನ್ನು ಅಲ್ಲೇ ಬಿಟ್ಟು ಹೋದರು.

ಅವರ ಅಕ್ಕ ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದರು. ಅಕ್ಕನ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ತಂಗಿ ಮದುವೆ ಬೇಡವೆಂದವರು. ಇಬ್ಬರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಇದ್ದರು. ಗೆರೆ ಮೇಡಂ ಈಗ ಬೆಳಿಗ್ಗೆ ಕೆಳಗಿಳಿದು ಗುಂಡಿ ಹೊಲಿಯುವುದು, ದಾರ ಕತ್ತರಿಸುವುದು, ಇಸ್ತ್ರಿ ಮಾಡುವುದು, ಇಷ್ಟನ್ನೇ ಮಾಡುತ್ತಿದ್ದರು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕು ಎಂದರೆ ಮಾತ್ರ ಕೈ ಹಿಂದಕ್ಕೆ ಹೋಗುತ್ತಿತ್ತಂತೆ. ಅಕ್ಕ ಒಂದು ದಿನ ದಾರಿಯಲ್ಲಿ ಸಿಕ್ಕಿ, “ಹತ್ತೊಂಬತ್ತು ವರ್ಷ ಗೆರೆ ಎಳೆದೋಳು ಈಗ ತೋಳಿಗೆ ಒಂದು ಗೀಟು ಹಾಕಲ್ಲ ಅಂತಾಳೆ. ನೀವಾದ್ರೂ ಬಂದು ಹೇಳ್ಬಾರ್ದಾ?” ಎಂದರು. ಬರ್ತೀನಿ ಎಂದೆ. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಎಂಟು ತಿಂಗಳಾದ ಮೇಲೆ ಕಚೇರಿಗೆ ಒಂದು ದಪ್ಪ ಲಕೋಟೆ ಬಂತು. ಊರಾಚೆಯ ಯಾವುದೋ ಚಿಕ್ಕ ಶಾಲೆಯದು. ವಿಳಾಸದಲ್ಲಿ ‘ಜೇಡದ ಚಿತ್ರ ಬರೆದವರಿಗೆ’ ಎಂದಿತ್ತು. ಸಂಪಾದಕರು ಅದನ್ನು ನನ್ನ ಕೈಗೆ ಕೊಟ್ಟು, “ಇದನ್ನ ನೀವೇ ತಲುಪಿಸಬೇಕು,” ಎಂದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಅಂಗಡಿಗೆ ಹೋದಾಗ ಮಧ್ಯಾಹ್ನ. ಅಕ್ಕ ಮಷೀನು ತುಳಿಯುತ್ತಿದ್ದರು. ಗೆರೆ ಮೇಡಂ ಮೂಲೆಯ ಸ್ಟೂಲಿನ ಮೇಲೆ ಕೂತು ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಲಕೋಟೆ ಕೊಡುವ ಮೊದಲೇ ನನ್ನ ಬಾಯಿಂದ ಬೇರೆ ಮಾತು ಬಂತು.

“ಮೇಡಂ, ಆ ಪುಟಕ್ಕೆ ಸಹಿ ಹಾಕಿದ್ದು ನಾನು.”

“ಗೊತ್ತು,” ಎಂದರು.

“ಸಾಲದು ಅಂತ ಜೋಕು ಬೇರೆ ಮಾಡ್ದೆ. ನನ್ನ ಮೇಲೆ ಸಿಟ್ಟು ಬರ್ಲಿಲ್ವಾ?”

“ನಿಮ್ಮ ಮೇಲಾ? ಪಾಪ, ದಿನಕ್ಕೆ ನೂರು ಪುಟ ನೋಡ್ತೀರಿ. ಒಂದು ಕಣ್ತಪ್ಪೋದು ಹೆಚ್ಚಾ?”

ಮಷೀನು ನಿಂತಿತು. “ನೋಡಿ ಇವಳ ನ್ಯಾಯ,” ಎಂದರು ಅಕ್ಕ. “ನೂರು ಪುಟದಲ್ಲಿ ಒಂದು ತಪ್ಪಿಸಿದ ಅವರು ಪಾಪ. ಇನ್ನೂರು ಚಿತ್ರದಲ್ಲಿ ಒಂದು ತಪ್ಪಿಸಿದ ನೀನು ಕತ್ತೆ. ಮೇಲಿನ ಕೋಣೇಲಿ ನಿನ್ನನ್ನ ನೀನೇ ಬೈಕೊಳ್ಳೋದು ನಂಗೆ ದಿನಾ ಕೇಳ್ಸುತ್ತೆ ಕಣೆ. ಪಕ್ಕದ ಮನೆ ಮಗೂಗೆ ಯಾರಾದ್ರೂ ಹಂಗೆ ಬೈದ್ರೆ ಪೊರಕೆ ತಗೊಂಡು ಹೋಗ್ತಿದ್ದೆ ನಾನು.”

ಗೆರೆ ಮೇಡಂ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು. ಕೈ ಚಾಚಿ ಲಕೋಟೆ ತೆಗೆದುಕೊಂಡರು.

ಮೊದಲಿಗೆ ಆ ಶಾಲೆಯ ಮೇಷ್ಟರ ಪತ್ರವಿತ್ತು. ಅಂಟಿಸುವ ಚೀಟಿ ಅವರ ಶಾಲೆಗೆ ಬಂದೇ ಇರಲಿಲ್ಲವಂತೆ. ಪಾಠದಲ್ಲಿ ಎಂಟು, ಚಿತ್ರದಲ್ಲಿ ಆರು, ಯಾವುದು ಸರಿ ಎಂದು ಮಕ್ಕಳು ಕೇಳಿದರಂತೆ. ನೀವೇ ಹಿಡಿದು ಎಣಿಸಿ ಎಂದರಂತೆ ಮೇಷ್ಟರು. ಮೂವತ್ತೊಂದು ಮಕ್ಕಳು ಸೇರಿ ಇಪ್ಪತ್ತಾರು ಜೇಡ ಹಿಡಿದು ತಂದರು. ಇಪ್ಪತ್ತೈದಕ್ಕೆ ಎಂಟು ಕಾಲು, ಒಂದಕ್ಕೆ ಏಳು. ‘ನನ್ನ ಇಷ್ಟು ವರ್ಷದ ಮೇಷ್ಟರಗಿರಿಯಲ್ಲಿ ಯಾವ ಪಾಠವೂ ಹೀಗೆ ನಡೆದಿರಲಿಲ್ಲ’ ಎಂದು ಅವರು ಬರೆದಿದ್ದರು.

ಜೊತೆಗೆ ಮಕ್ಕಳ ಕಾಗದಗಳಿದ್ದವು. ಒಂದೊಂದನ್ನೂ ಓದಿ ಅವರು ಮಗುಚಿಡುತ್ತಿದ್ದರು. ಒಂದನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡು ಕೂತರು. ಆಮೇಲೆ ನನಗೆ ಕೊಟ್ಟರು. ಪೆನ್ಸಿಲ್ಲಿನಲ್ಲಿ, ಏರಿಳಿಯುವ ಸಾಲುಗಳಲ್ಲಿ ಒಬ್ಬ ಹುಡುಗಿ ಬರೆದಿದ್ದಳು: ‘ನಾನು ಹಿಡಿದ ಜೇಡಕ್ಕೆ ಏಳು ಕಾಲು. ಒಂದು ಮುರಿದಿದೆ. ಆದರೂ ಚೆನ್ನಾಗಿ ಓಡುತ್ತದೆ. ನಿಮ್ಮ ಜೇಡಕ್ಕೆ ಎರಡು ಕಾಲು ಹೇಗೆ ಮುರಿಯಿತು? ಅದು ಓಡುತ್ತದಾ? ಅದಕ್ಕೆ ನೋವಾಯಿತಾ?’

ನಾನು ಕಾಗದದಿಂದ ಕಣ್ಣೆತ್ತುವಾಗ ಗೆರೆ ಮೇಡಂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅತ್ತಿದ್ದರೋ ನಕ್ಕಿದ್ದರೋ ಹೇಳುವುದು ಕಷ್ಟ. ಎರಡೂ ಇತ್ತು ಅನ್ನಿಸುತ್ತದೆ.

“ಅಕ್ಕಾ, ಅಂಗಡೀಲಿ ಜೇಡ ಇದೆಯಾ?” ಎಂದು ಕೇಳಿದರು.

“ನನ್ನ ಅಂಗಡೀಲಾ? ದಿನಕ್ಕೆರಡು ಸಲ ಗುಡಿಸ್ತೀನಿ!” ಅಕ್ಕನಿಗೆ ಅವಮಾನವೇ ಆಯಿತು.

ಬಟ್ಟೆಯ ಥಾನುಗಳನ್ನು ಇಡುವ ಕಪಾಟಿನ ಹಿಂದೆ ಒಂದಲ್ಲ, ಮೂರಿದ್ದವು.

ಕಪಾಟನ್ನು ನಾನೇ ಜರುಗಿಸಿಕೊಟ್ಟೆ. ಅಳತೆ ಕತ್ತರಿಸುವ ಕಂದು ಕಾಗದದ ಒಂದು ತುಂಡು, ಅಕ್ಕ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು, ಇಷ್ಟು ಹಿಡಿದು ಗೆರೆ ಮೇಡಂ ನೆಲದ ಮೇಲೆ ಕೂತರು. ಜೇಡವನ್ನು ನೋಡಿದರು. ಒಂದು ಗೆರೆ ಎಳೆದರು. ಆ ಗೆರೆ ನೋಡಿ ನಾನು ಬೆಚ್ಚಿದೆ. ಅದು ನೆಟ್ಟಗಿರಲಿಲ್ಲ. ಚಳಿ ಹಿಡಿದವರ ಕೈಬರಹದಂತೆ ನಡುಗಿತ್ತು. ಅವರ ಬಾಯಲ್ಲಿ ‘ಕತ್ತೆ’ ಎಂಬುದು ಅರ್ಧ ಬಂದೇಬಿಟ್ಟಿತು. ಅಕ್ಕ ಅಲ್ಲಿಂದಲೇ “ಹ್ಞೂಂ!” ಎಂದು ಗದರಿದರು. ಮಿಕ್ಕರ್ಧ ನುಂಗಿಕೊಂಡು ಎರಡನೇ ಕಾಲಿಗೆ ಹೋದರು.

ಎಂಟೂ ಕಾಲು ಮುಗಿದ ಮೇಲೆ, ಚಹಾ ಕುಡಿಯುತ್ತ, ಅವರು ಹೇಳಿದ್ದನ್ನು ಕೇಳಿ ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಚಿತ್ರಕಲಾ ಶಾಲೆಯ ಮೊದಲ ವರ್ಷ ಅವರ ಗುರುಗಳು ತರಗತಿಯ ಎದುರು ಇವರ ಹಾಳೆ ಎತ್ತಿ ಹಿಡಿದು, “ಈ ಹುಡುಗಿ ಗೆರೆ ನಡುಗುತ್ತೆ. ಇದು ಕಲಾವಿದರ ಕೈ ಅಲ್ಲ,” ಎಂದಿದ್ದರಂತೆ. ಅವತ್ತಿನಿಂದ ಇವರು ಪಾರದರ್ಶಕ ಹಾಳೆಯ ಮೊರೆಹೊಕ್ಕರು. ಇನ್ನೊಬ್ಬರ ಚಿತ್ರದ ಮೇಲೆ ಹಾಳೆ ಇಟ್ಟು ನಕಲೆತ್ತಿದರೆ ಕೈ ನಡುಗುತ್ತಿರಲಿಲ್ಲ. ನಾವು ಹೊಗಳುತ್ತಿದ್ದ ಆ ನೂಲಿನಂಥ ಗೆರೆಯೆಲ್ಲ ನಕಲಿನ ಗೆರೆ. ಜೇಡವನ್ನೂ ಒಂದು ಹಳೆಯ ಪುಸ್ತಕದಿಂದ ಎತ್ತಿದ್ದರು. ಆ ಪುಸ್ತಕದಲ್ಲಿ ಜೇಡದ ಎರಡು ಕಾಲು ಪುಟಗಳನ್ನು ಸೇರಿಸಿ ಹೊಲಿದ ಮಡಿಕೆಯೊಳಗೆ ಅಡಗಿಹೋಗಿದ್ದವು.

“ನಾನು ಜೇಡವನ್ನ ನೋಡೇ ಇರ್ಲಿಲ್ಲ ಸಾರ್,” ಎಂದರು. “ನೋಡೋಕೆ ಹೆದರಿಕೆ. ನೋಡಿದ್ರೆ ನನ್ನ ಕೈಯಲ್ಲೇ ಬರೀಬೇಕಾಗುತ್ತಲ್ಲ.”

“ಹೊರಗೆ ಹೇಳ್ಬೇಡಿ ಇದನ್ನ,” ಎಂದೆ ನಾನು, ಅವರ ಒಳಿತಿಗೆಂದೇ.

“ಆ ಮಗು ಕೇಳಿದೆಯಲ್ಲ, ಸುಳ್ಳು ಹೇಳ್ಲಾ?”

ಹುಡುಗಿಗೆ ಅವರು ಇದ್ದದ್ದನ್ನು ಇದ್ದಹಾಗೇ ಬರೆದರು. ತಮ್ಮ ಜೇಡಕ್ಕೆ ನೋವಾಗಿಲ್ಲ, ಅದಕ್ಕೆ ಜೀವವೇ ಇರಲಿಲ್ಲ, ಅದು ಇನ್ನೊಬ್ಬರ ಜೇಡದ ನೆರಳು ಎಂದು. ನಡುಗುವ ಗೆರೆಯ ಆ ಕಂದು ಕಾಗದವನ್ನೂ ಜೊತೆಗಿಟ್ಟರು. ಅಂಚೆಗೆ ಹಾಕಿದವನು ನಾನು.

ಮುಂದಿನ ವರ್ಷ ಐದನೇ ತರಗತಿಯ ಪುಸ್ತಕ ಬಂದಾಗ ಸಂಪಾದಕರೇ ಅಂಗಡಿಗೆ ಹೋಗಿ ಕರೆದರು. ಗೆರೆ ಮೇಡಂ ಒಂದು ಷರತ್ತು ಹಾಕಿದರು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಕಾಣಲು ಸಮಯ ಬೇಕು, ಕಾಣಲಾಗದ್ದನ್ನು ಬೇರೆಯವರಿಗೆ ಕೊಡಿ. ಸಂಪಾದಕರು ಒಪ್ಪಿದರು, ಗೆರೆ ಮೇಡಂ ತಮ್ಮ ಹಳೆಯ ಮೇಜಿಗೆ ಮರಳಿದರು. ಆದರೆ ಚಿತ್ರಗಳು ಬರತೊಡಗಿದ ಮೇಲೆ ಸಂಪಾದಕರ ಹಣೆಯ ಗೆರೆ ಹೆಚ್ಚಾಯಿತು.

“ಈ ಎಲೆಗೆ ತೂತು ಯಾಕೆ ಮೇಡಂ?”

“ಹುಳ ತಿಂದಿದೆ ಸಾರ್.”

“ತಿನ್ನದೇ ಇರೋ ಎಲೆ ಸಿಗಲಿಲ್ವಾ?”

“ಅಂಥದ್ದನ್ನ ಹುಡುಕಿದೆ. ಇಡೀ ಗಿಡದಲ್ಲಿ ಒಂದಿತ್ತು. ಮಕ್ಕಳಿಗೆ ಸಿಗೋದು ಉಳಿದವು ತಾನೇ?”

“ಸರಿ. ಗೆರೆ ಯಾಕೆ ಹೀಗೆ ನಡುಗಿದೆ?”

“ನಂದು ಹಾಗೇ ಸಾರ್. ಮೊದಲಿಂದ್ಲೂ.”

ಎಲ್ಲರಿಗೂ ಒಪ್ಪಿಗೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಮಿತಿಯ ಹಿರಿಯರೊಬ್ಬರು, “ಮೊದಲಿನ ಕೈಚಳಕ ಹೋಯ್ತು,” ಎಂದು ನೇರವಾಗಿಯೇ ಹೇಳಿದರು. ಏಳನೇ ತರಗತಿಯ ಪುಸ್ತಕವನ್ನು ಬೇರೊಬ್ಬ ಕಲಾವಿದನಿಗೆ ಕೊಟ್ಟರು. ಅವನ ಗೆರೆ ನಿಜಕ್ಕೂ ಚೆನ್ನಾಗಿತ್ತು, ಗೆರೆ ಮೇಡಂ ಕೂಡ ಹಾಗೇ ಎಂದರು. ಆ ಸಂಜೆ ಅವರಿಗೆ ಬೇಜಾರಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. ಮಾರನೇ ದಿನ ಪೂರ್ತಿ ರಜೆ ಹಾಕಿ ಅಕ್ಕನ ಜೊತೆ ಕೆರೆಯ ಬದಿಯಲ್ಲಿ ತಿರುಗಾಡಿಕೊಂಡು ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ಬೇಜಾರಿಗೆಂದು ರಜೆ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ತಪ್ಪು ಮತ್ತೆಯೂ ಆಯಿತು. ಎರಡು ವರ್ಷದ ಹಿಂದೆ, ಮಾಂಸದಂಗಡಿಯಲ್ಲಿ ನೋಡಿ ಬರೆದ ಕುರಿಯ ಹೃದಯದ ಚಿತ್ರದಲ್ಲಿ, ಎಡ ಎಂದು ಬರೆಯಬೇಕಾದ ಕಡೆ ಬಲ ಎಂದಾಯಿತು. ಅಚ್ಚಾದ ಮೇಲೆ ಅವರಿಗೇ ಕಂಡಿತು. ಬೀರುವಿನ ಆಚೆ ಸದ್ದಿಲ್ಲ. ಎದ್ದು ಹೋಗಿ ನೋಡಿದೆ. ಎರಡು ಅಂಗೈಯನ್ನೂ ಮೇಜಿಗೆ ಒತ್ತಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಿದ್ದುಪಡಿ ಬರೆದು, ಸಂಪಾದಕರ ಕೋಣೆಗೆ ತಾವೇ ಹೋಗಿ, “ತಪ್ಪು ನಂದು. ಸರಿಯಾದದ್ದು ಇಲ್ಲಿದೆ,” ಎಂದು ಕೊಟ್ಟು ಬಂದರು. ದಾರಿಯಲ್ಲಿ ನನ್ನ ಮೇಜಿನ ಹತ್ತಿರ ನಿಂತು, “ಈ ಸಲಾನೂ ನಿಮ್ಮ ಸಹಿ ಇದೆ, ಗೊತ್ತಾ?” ಎಂದರು. ನಾನು ಗಾಬರಿಯಿಂದ ಪುಟ ತೆಗೆದು ನೋಡಿದೆ. ಇತ್ತು.

ಈಗ ಅವರು ಕೊಳದ ಜೀವಿಗಳ ಬಗ್ಗೆ ಮಕ್ಕಳಿಗೊಂದು ಪುಸ್ತಕ ಮಾಡುತ್ತಿದ್ದಾರೆ. ಇಡೀ ಪುಸ್ತಕಕ್ಕೆ ಇಪ್ಪತ್ತೆರಡೇ ಚಿತ್ರ. ಹೋದ ವಾರ ಬಸವನಹುಳುವಿನ ಸರದಿ. ಅದನ್ನು ಗಾಜಿನ ಭರಣಿಯಲ್ಲಿ ಸಾಕಿಕೊಂಡಿದ್ದಾರೆ. ಬುಧವಾರಕ್ಕೆ ಚಿತ್ರ ಬೇಕೆಂದು ಸಂಪಾದಕರು ಹೊರಗಿನಿಂದ ಫೋನು ಮಾಡಿದರು.

“ಅದು ಇನ್ನೂ ತಲೆ ಹೊರಗೆ ಹಾಕಿಲ್ಲ ಸಾರ್,” ಎಂದರು ಗೆರೆ ಮೇಡಂ. “ಹಾಕಿದ ತಕ್ಷಣ ಶುರು ಮಾಡ್ತೀನಿ.”

ಅದು ಗುರುವಾರ ತಲೆ ಹಾಕಿತು. ಚಿತ್ರ ಶುಕ್ರವಾರ ನನ್ನ ಮೇಜಿಗೆ ಬಂತು. ಒಂದು ಕೊಂಬು ಇನ್ನೊಂದಕ್ಕಿಂತ ಸ್ವಲ್ಪ ಗಿಡ್ಡವಿತ್ತು. ಬೀರುವನ್ನು ಸುತ್ತಿ ಹೋಗಿ ಭರಣಿಯೊಳಗೆ ನೋಡಿದೆ. ಸರಿಯಾಗಿಯೇ ಬರೆದಿದ್ದರು. ಸಹಿ ಹಾಕಿ ಮುದ್ರಣಕ್ಕೆ ಕಳಿಸಿದೆ.