ಅಪ್ಪನ ಆಟಗಾರ, ಕಾಕಾನ ಆಟಗಾರ

ಇವತ್ತು ತಿಕೋಟಾ ಬಸ್ಸಿನಲ್ಲಿ ಹುಡುಗರಿಬ್ಬರು, ನಿವೃತ್ತರಾದ ಇಬ್ಬರು ಬ್ಯಾಟ್ಸ್‌ಮನ್‌ಗಳಲ್ಲಿ ಯಾರು ದೊಡ್ಡವರೆಂದು ಜಗಳಾಡುತ್ತಿದ್ದರು. ನನಗೆ ನಮ್ಮ ಮನೆಯ ಕಟ್ಟೆ ನೆನಪಾಯಿತು.

ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಆಡುವುದು ಬಿಟ್ಟಿದ್ದ ಇಬ್ಬರು ಆಟಗಾರರ ಬಗ್ಗೆ ದಿನಾ ಸಂಜೆ ಅಲ್ಲಿ ಕೂತು ವಾದ ಮಾಡುತ್ತಿದ್ದರು. ಅವರ ಆಟವನ್ನು ಇಬ್ಬರೂ ಕಂಡವರಲ್ಲ, ರೇಡಿಯೊದಲ್ಲಿ ಕೇಳಿದವರು. ಆದರೂ ಕಾಕಾ ಜೋಳದ ದಂಟು ಬೀಸಿ ತನ್ನವನ ಹೊಡೆತ ತೋರಿಸುತ್ತಿದ್ದ.

"ಅಣ್ಣಾ, ನಿನ್ನಾಂವ ಬರೇ ನಿಂತಾನ. ನನ್ನಾಂವ ಹೊಡದಾನ."

"ಹೊಡದು ಲಗೂನ ಔಟ್ ಆಗ್ಯಾನ. ನನ್ನಾಂವ ನಿಂತು ಮ್ಯಾಚ್ ಉಳಿಸ್ಯಾನ."

ಅವ್ವ ತಂದಿಟ್ಟ ಚಹಾ ಆರಿಹೋಗುತ್ತಿತ್ತು.

ಒಂದು ಮಳೆಗಾಲ ಕಾಕಾ ಜ್ವರ ಬಂದು ತೀರಿಹೋದ. ಅಪ್ಪ ಕಟ್ಟೆಗೆ ಬರುವುದನ್ನೇ ಬಿಟ್ಟ. ಅವನನ್ನು ಮಾತಿಗೆಳೆಯಲೆಂದು ಸಾರವಾಡದ ಮಾವ ಒಮ್ಮೆ, "ನಿಮ್ಮ ಆಟಗಾರನ ಸಮ ಯಾರೂ ಇಲ್ಲ ಬಿಡ್ರಿ" ಅಂದ.

ಅಪ್ಪ ಎದ್ದು ಮೂಲೆಯಲ್ಲಿದ್ದ ದಂಟು ಹಿಡಿದು ಥೇಟ್ ಕಾಕಾನಂತೆಯೇ ಬೀಸಿದ.

"ಇಲ್ರಿ. ತಮ್ಮ ಹೇಳಿದ್ದು ಖರೇ. ಹೊಡಿಯಾಂವ ದೊಡ್ಡಾಂವ."

ಮುಂದೆ ಸಾಯುವತನಕ ಅಪ್ಪ ಕಾಕಾನ ಆಟಗಾರನ ಪರವಾಗಿಯೇ ಮಾತಾಡಿದ.

"ನೀವ ಹೇಳ್ರಿ ಅಜ್ಜಾ, ಯಾರು ದೊಡ್ಡವರು?" ಅಂದರು ಬಸ್ಸಿನ ಹುಡುಗರು.

"ಹಿಂಗ ಜಗಳಾಡ್ಕೋತ ಇರ್ರಿ," ಅಂದೆ.