ಶಮೀಮ್ ಬಿದ್ದ ಗೋಡೆಯಿಂದ

ಹೈದರಾಬಾದಿಗೆ ಬಂದ ಹೊಸತರಲ್ಲಿ ಅಪರಿಚಿತರೊಬ್ಬರು ನನ್ನ ತಲೆಯ ಮೇಲೆ ಬೇರೆ ಹೆಂಗಸಿನ ಕೂದಲು ಕೂರಿಸಿ, ಹನ್ನೆರಡು ಅಡಿ ಎತ್ತರದ ಅಟ್ಟಣಿಗೆಗೆ ಹತ್ತಿಸಿ, ಹಿಮ್ಮುಖವಾಗಿ ಬೀಳು ಎಂದರು. ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಒತ್ತೊತ್ತಾಗಿ ಜೋಡಿಸಿ ಮೇಲೆ ಹಾಸಿಗೆ ಹಾಸಿದ್ದರು. ಬಿದ್ದೆ. ಒಂದು ಕ್ಷಣ ಆಕಾಶ, ಆಮೇಲೆ ರಟ್ಟು ಮುರಿಯುವ ಸದ್ದು. ನನಗೇನೂ ಆಗಿರಲಿಲ್ಲ, ಆದರೂ ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಫೈಟ್ ಮಾಸ್ಟರ್ ಕೂಗಿದರು, "ಚೆಯ್ಯಿ ಎತ್ತಮ್ಮಾ!" ಚೆಯ್ಯಿ ಎಂದರೆ ಕೈ. ಬಿದ್ದವರು ಕೈ ಎತ್ತಿದರೆ ಪೆಟ್ಟಾಗಿಲ್ಲ ಎಂದರ್ಥ. ಎತ್ತದಿದ್ದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ನಾನು ಕಲಿತ ಮೊದಲ ತೆಲುಗು ಮಾತು ಅದು.

ನಾವು ಇಬ್ಬರು ಬಂದಿದ್ದೆವು. ನಾನು ಶಹಾಪುರದವಳು. ಶಮೀಮ್ ಕೆಂಭಾವಿಯವಳು, ವಿಶ್ವವಿದ್ಯಾಲಯದ ಜುಡೋ ತಂಡದಲ್ಲಿ ನನಗಿಂತ ಒಂದು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಸಿನಿಮಾ ನಾಯಕಿಯರ ಬದಲು ಬೀಳುವ, ಹಾರುವ ಡೂಪ್ ಕೆಲಸಕ್ಕೆ ಹುಡುಗಿಯರು ಬೇಕಂತೆ ಎಂದು ನಮ್ಮ ಕೋಚ್ ಹೇಳಿದಾಗ, ಹೋಗೋಣ ಎಂದವಳು ನಾನು.

ಮನೆ ಸಿಕ್ಕಿದ್ದು ಅವಳ ಮಾತಿನಿಂದ. ಶಹಾಪುರದಲ್ಲಿ ಬಾಡಿಗೆ ಕೇಳಲು ಹೋದರೆ "ಯಾರ ಪೈಕಿರಿ?" ಎನ್ನುತ್ತಾರೆ. ಇಲ್ಲಿ "ಶೂಟಿಂಗಾ?" ಎಂದು ಕೇಳಿ ಬಾಗಿಲು ಹಾಕುತ್ತಿದ್ದರು. ನಾಲ್ಕನೆಯ ಮನೆಯ ಒಡತಿ ಉರ್ದು ಮಾತಾಡುವವರು. ಶಮೀಮ್ ತನ್ನ ಮನೆಯ ದಖನಿಯಲ್ಲಿ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಆಕೆ ಚಹಾ ತಂದು, ನಿನ್ನ ಮಾತು ನಮ್ಮ ಅಜ್ಜಿಯ ಮಾತಿನ ಹಾಗಿದೆ ಎಂದು ನಕ್ಕರು. ಮಹಡಿಯ ಮೇಲಿನ ಕೋಣೆ ನಮ್ಮದಾಯಿತು.

ಮೂರು ಹೊತ್ತೂ ಅನ್ನ. "ಅಕ್ಕಾ, ಉಂಡೇನಿ ಅಂತ ನನ್ನ ಹೊಟ್ಟಿಗಿ ಇನ್ನಾ ಸುದ್ದಿ ಮುಟ್ಟಿಲ್ಲ," ಎನ್ನುತ್ತಿದ್ದಳು ಶಮೀಮ್. ಕೊನೆಗೆ ಜೋಳದ ಹಿಟ್ಟು ಸಿಗುವ ಅಂಗಡಿ ಹುಡುಕಿದೆವು. ಇಬ್ಬರಲ್ಲಿ ಒಬ್ಬಳ ಮಣಿಕಟ್ಟಾದರೂ ಊದಿಕೊಳ್ಳದ ದಿನ ರೊಟ್ಟಿ, ಉಳಿದ ದಿನ ಅನ್ನ. ಊರಿನಲ್ಲಿ ಹುಡುಗಿಯ ತೋಳಿನ ಮೇಲೆ ಹಸಿರುಗಟ್ಟಿದ ಪೆಟ್ಟು ಕಂಡರೆ ಓಣಿಗೆ ಓಣಿಯೇ ಕೇಳುತ್ತದೆ. ಇಲ್ಲಿ ಯಾರೂ ಕೇಳುವುದಿಲ್ಲ. ಮೊದಮೊದಲು ಅದು ನನಗೆ ಬಿಡುಗಡೆ ಎನಿಸಿತ್ತು.

ಈ ಕೆಲಸದಲ್ಲಿ ಹೆಂಗಸರು ಕಡಿಮೆ. ಕೈ ಎತ್ತಲು ತಡಮಾಡಿದರೆ "ಹೆದರಿದಳು" ಎಂಬ ಮಾತು ಹಬ್ಬುತ್ತದೆ, ಆಮೇಲೆ ಕರೆಯುವುದಿಲ್ಲ. ಅದಕ್ಕೇ ನಾನು ಶಮೀಮ್‌ಗೆ ಹೇಳಿಕೊಟ್ಟಿದ್ದೆ, "ಮೊದಲ ಕೈ ಎತ್ತು. ನೋವು ಆಮ್ಯಾಗ ನೋಡಿಕೊಂಡ್ರಾತು."

"ಬಿದ್ದಮ್ಯಾಲ ಯಾಕ ಅಕ್ಕಾ? ಬೀಳಾಕತ್ತಾಗನs ಎತ್ತಿಬಿಡ್ತೀನಿ ತಗೋ," ಎಂದು ನಕ್ಕಿದ್ದಳು.

ಒಂದು ಬೆಳಿಗ್ಗೆ ಅವಳು ಗೋಡೆಯ ಮೇಲಿಂದ ಬೀಳುವ ಶಾಟ್ ಇತ್ತು. ಡಬ್ಬಗಳ ಒಂದು ಸಾಲು ಜರುಗಿತ್ತು, ಯಾರೂ ನೋಡಿರಲಿಲ್ಲ. ಬಿದ್ದಳು. ಕೈ ಮೇಲೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಾನೇ ಎದ್ದು ನಾಲ್ಕು ಹೆಜ್ಜೆ ನಡೆದು ಕುರ್ಚಿಯಲ್ಲಿ ಕುಳಿತಳು. ಕಾಲು ಗಂಟೆಯ ಮೇಲೆ ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು, "ಅಕ್ಕಾ, ಕಾಲು ನನ್ನವು ಅನಸವಲ್ವು."

ಬೆನ್ನುಹುರಿಗೆ ಪೆಟ್ಟಾಗಿತ್ತು. ಬಿದ್ದಲ್ಲೇ ಅಲುಗಾಡದೆ ಮಲಗಿದ್ದರೆ ಇಷ್ಟಾಗುತ್ತಿರಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಅವರು ಎಕ್ಸ್‌ರೇ ನೋಡುತ್ತಲೇ ಇದ್ದರು.

ಆರನೆಯ ದಿನ ಮಾಸ್ಟರ್ ನನ್ನನ್ನು ಕರೆದರು. ಆ ಶಾಟ್ ಮತ್ತೆ ತೆಗೆಯಬೇಕಿತ್ತು. ಅವಳದೂ ನನ್ನದೂ ಒಂದೇ ಎತ್ತರ. "ಚೇಸ್ತಾವಾ ಅಮ್ಮಾ?" ಮಾಡುತ್ತೀಯಾ ಎಂದು ಮೆಲ್ಲಗೆ ಕೇಳಿದರು, ಬಲವಂತ ಮಾಡಲಿಲ್ಲ. ಮಾಡಿದೆ. ಅವಳು ತೊಟ್ಟಿದ್ದ ಬಟ್ಟೆಯನ್ನೇ ಒಗೆದು ಕೊಟ್ಟಿದ್ದರು. ಯಾಕೆ ಒಪ್ಪಿದೆ ಎಂದು ನನ್ನನ್ನೇ ಕೇಳಿಕೊಂಡಾಗಲೆಲ್ಲ ಬೇರೆ ಬೇರೆ ಉತ್ತರ ಬರುತ್ತದೆ, ಒಂದೂ ಪೂರ್ತಿ ನಿಜವಲ್ಲ. ಆ ಕೆಲಸ ನನಗೆ ಬೇಕಿತ್ತು ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು.

ಅವಳ ತಾಯಿ ಖಾಜಾಬೀ ಬಂದು ಅವಳನ್ನು ಕೆಂಭಾವಿಗೆ ಕರೆದೊಯ್ದರು. ಎರಡು ತಿಂಗಳ ಮೇಲೆ, ಆ ಶಾಟ್ ಮಾಡಿದ್ದನ್ನು ನಾನೇ ಅವಳಿಗೆ ಹೇಳಬೇಕೆಂದು ಹೊರಟೆ. ಯಾದಗಿರಿಯಲ್ಲಿ ರೈಲು ಇಳಿದು ಬಸ್ಸು ಹತ್ತಿದೆ. ಶಹಾಪುರ ಬಂತು, ನನ್ನ ಮನೆ ಅಲ್ಲೇ ಇದ್ದರೂ ಇಳಿಯಲಿಲ್ಲ.

ಶಮೀಮ್ ಗೋಡೆಗೆ ದಿಂಬು ಆನಿಸಿ ಕುಳಿತಿದ್ದಳು. ಕೈಯೂರಿಯೇ ಮೈ ಎಳೆದುಕೊಂಡು ಓಡಾಡಿ ಕೈಗಳು ಮೊದಲಿಗಿಂತ ಗಟ್ಟಿಯಾಗಿದ್ದವು. ಹೇಳಲು ನಾನು ಮಾತು ಹುಡುಕುತ್ತಿರುವಾಗಲೇ ಅವಳು ಕೇಳಿದಳು.

"ಆ ಶಾಟ್ ಯಾರ ಮಾಡಿದ್ರು?"

"ನಾನs."

ಒಳಗೆ ಖಾಜಾಬೀ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಎಷ್ಟ್ ಟೇಕ್?"

"ಒಂದು."

"ಹಂಗಾರ ನನಗಿಂತ ಚಲೋ ಬಿದ್ದಿ." ನಗಲು ನೋಡಿದಳು. ಆಮೇಲೆ, "ಅಕ್ಕಾ, ಇನ್ನ ಬರಬ್ಯಾಡ. ಸಿಟ್ಟಿಲ್ಲ ನನಗ. ನೀ ಬಂದ್ರ ಅಲ್ಲೀದೆಲ್ಲಾ ಕೇಳಬೇಕು ಅನಸ್ತದ. ಕೇಳಿದಮ್ಯಾಲ ಇಲ್ಲಿ ಇರಾಕ ಆಗಂಗಿಲ್ಲ."

ಖಾಜಾಬೀ ಬಸ್ಸಿನವರೆಗೆ ಬಂದರು. ಬೈಯುತ್ತಾರೆಂದು ಕಾದೆ. "ಶಹಾಪುರಕ್ಕ ಬಂದಾಗ ಫೋನ್ ಮಾಡು ಬೇಟಿ. ನಾನs ಬರ್ತೀನಿ. ಆಕಿಗಿ ಗೊತ್ತಾಗೋದು ಬ್ಯಾಡ," ಎಂದರು.

ಈಗ ಊರಿಗೆ ಬಂದಾಗಲೆಲ್ಲ ಶಹಾಪುರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂರುತ್ತೇನೆ. ಮನೆಗೆ ಹೋಗುವುದು ಆಮೇಲೆ. ಅಲ್ಲಿ ಅವ್ವ "ಎಷ್ಟ ದಿನ ಇರ್ತಿ?" ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಾಳೆ. ಹೈದರಾಬಾದಿನಲ್ಲೂ ನಾನು ಊರಿಗೆ ಹೊರಟಾಗ, ಮರಳಿ ಬರುತ್ತೀಯಲ್ಲ ಎಂದು ಒಡತಿ ಖಾತ್ರಿ ಮಾಡಿಕೊಳ್ಳುತ್ತಾರೆ. ಇಬ್ಬರಿಗೂ ದಿನ ಲೆಕ್ಕ ಹಾಕಿ ಉತ್ತರ ಹೇಳುತ್ತೇನೆ.

ಕಳೆದ ಸಲ, ಬಸ್ಸು ಹತ್ತುವ ಮುಂಚೆ ಖಾಜಾಬೀ ಕೇಳಿದರು, "ಅಲ್ಲಿ ಆಕಿ ಮಂಚ ಹಂಗs ಅದ ಏನವಾ? ಯಾರಿಗೂ ಕೊಟ್ಟಿಲ್ಲಲ?"

ನಮ್ಮ ಕೋಣೆಯ ಆ ಮಂಚದ ಮೇಲೆ ಮೂರು ತಿಂಗಳಿಂದ ಗುಂಟೂರಿನ ಹುಡುಗಿಯೊಬ್ಬಳು ಮಲಗುತ್ತಿದ್ದಾಳೆ.

"ಹಂಗs ಅದರಿ ಅಮ್ಮಾ," ಎಂದೆ.