ಕವಿಗಳ ಗುಂಪಿಗೆ ಬಂದ ತುಂಡು ಸಾಲುಗಳು

...ಅದನ್ನು ಓದಿದ್ದು ಜಯನಗರದ ಸೈಬರ್ ಕೆಫೆಯಲ್ಲೋ, ಬನಶಂಕರಿಯಲ್ಲೋ, ನನ್ನ ನೆನಪನ್ನು ನಾನೇ ನಂಬಲಾರೆ. ನಮ್ಮ ಆನ್‌ಲೈನ್ ಕವಿಗಳ ಗುಂಪಿಗೆ ಬಿಟಿಎಂ ಬಡಾವಣೆಯ ಹುಡುಗಿಯೊಬ್ಬಳು ತುಂಡು ಸಾಲುಗಳಲ್ಲಿ ಬರೆದಿದ್ದಳು: ‘ಬದುಕೋದೇ ಬೇಡ ಅನ್ನಿಸ್ತಿದೆ. ಯಾರಾದ್ರೂ ಮಾತಾಡ್ತೀರಾ?’

ಮಹಾಕವಿಗಳು ಅದನ್ನು ಕವಿತೆಯೆಂದೇ ಓದಿದರು. ‘ಸಖತ್ ಗುರು!’ ಎಂದನೊಬ್ಬ. ಕೊನೆಯ ಸಾಲು ಸಡಿಲವಾಯಿತೆಂದು ಇನ್ನೊಬ್ಬ ತಿದ್ದಿಯೂ ಕೊಟ್ಟ. ದಿನವೂ ಸಾವನ್ನೇ ಹಾಡುತ್ತಿದ್ದವರಿಗೆ ಅದು ಎದುರಿಗೆ ಬಂದಾಗ ಗುರುತೇ ಹತ್ತಲಿಲ್ಲ.

ಹಬ್ಬಕ್ಕೊಂದು ಪದ್ಯ ಕಟ್ಟಿ ಎಲ್ಲರ ಗೇಲಿಗೆ ಗುರಿಯಾಗಿದ್ದ ಉತ್ತರಹಳ್ಳಿಯ ಹೆಂಗಸೊಬ್ಬರು ಮಾತ್ರ ಸಿಡುಕಿದರು: ‘ಇದು ಕವಿತೆ ಅಲ್ಲ ಕಣ್ರೋ! ಸಾಯ್ಬೇಕು ಅನ್ನಿಸ್ತಿದೆಯಾ ಮಗಳೇ? ಜೊತೆಗೆ ಯಾರಿದ್ದಾರೆ?’

‘ಒಬ್ಳೇ ಇದೀನಿ ಆಂಟಿ.’

‘ನಂಬರ್ ಕಳ್ಸು. ಈಗ್ಲೇ ಫೋನ್ ಮಾಡ್ತೀನಿ.’

ಆಮೇಲೆ ಅವರಿಬ್ಬರೂ ಗುಂಪಿನಲ್ಲಿ ಕಾಣಿಸಲಿಲ್ಲ. ಕವಿಗಳು ಸಡಿಲ ಸಾಲಿನ ಚರ್ಚೆ ಮುಂದುವರಿಸಿದರು. ಆ ಹುಡುಗಿ ಉಳಿದಳೇ? ನನಗೆ ಗೊತ್ತಿಲ್ಲ.